ಬೇರಿಂಗ್ ಹೋಗಿದೆ ಎನ್ನುವ ಮೊದಲು

ಕಾರು 60ರ ವೇಗ ದಾಟಿದಾಗ ಕೆಳಗಿನಿಂದ ಗುಂಯ್ ಎಂಬ ಸದ್ದು ಶುರುವಾಯಿತೆಂದರೆ ನಮ್ಮ ಗ್ಯಾರೇಜುಗಳಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: "ಬೇರಿಂಗ್ ಹೋಗಿದೆ ಸಾರ್, ಹಾಕಿಬಿಡೋಣ." ಯಾವ ಚಕ್ರದ್ದು ಎಂದು ಕೇಳಿದರೆ ಉತ್ತರ ಕೊಂಚ ಮೆತ್ತಗಾಗುತ್ತದೆ. "ಮುಂದೆ ಎಡಗಡೆದು ಇರಬೇಕು. ಮೊದಲು ಅದನ್ನ ಹಾಕೋಣ, ಸದ್ದು ಹೋಗ್ಲಿಲ್ಲ ಅಂದ್ರೆ ಬಲಗಡೆದೂ ನೋಡೋಣ." ಕಾರಿನವರು ತಲೆಯಾಡಿಸಿ ಬೀಗದ ಕೈ ಕೊಟ್ಟು ಹೋಗುತ್ತಾರೆ. ಹೀಗೆ ಹೇಳುವ ಮೆಕ್ಯಾನಿಕ್‌ಗಳಲ್ಲಿ ಹೆಚ್ಚಿನವರು ಪ್ರಾಮಾಣಿಕರು. ಒಪ್ಪಿಕೊಳ್ಳುವ ಗ್ರಾಹಕರೂ ದಡ್ಡರಲ್ಲ. ಇಬ್ಬರ ಮನಸ್ಸಿನಲ್ಲೂ ಒಂದೇ ನಂಬಿಕೆ ಬೇರೂರಿದೆ: ಬೇರಿಂಗ್ ಬದಲಿಸುವುದೇ ಬೇರಿಂಗಿನ ಪರೀಕ್ಷೆ, ಸದ್ದು ನಿಂತರೆ ಸರಿ, ನಿಲ್ಲದಿದ್ದರೆ ಮುಂದಿನ ಚಕ್ರಕ್ಕೆ ಹೋದರಾಯಿತು. ಈ ನಂಬಿಕೆ ತಪ್ಪು. ಇದು ಗ್ರಾಹಕರ ಹಣ ಕಳೆಯುತ್ತದೆ, ಒಳ್ಳೆಯ ಬಿಡಿಭಾಗಗಳನ್ನು ಕೊಲ್ಲುತ್ತದೆ, ನಿಜವಾದ ದೋಷವನ್ನು ರಸ್ತೆಯ ಮೇಲೆ ಓಡಲು ಬಿಡುತ್ತದೆ, ಒಂದು ಒಳ್ಳೆಯ ಕಸುಬನ್ನು ಬಿಚ್ಚಿ ಹಾಕುವ ಕೂಲಿಯ ಮಟ್ಟಕ್ಕೆ ಇಳಿಸುತ್ತದೆ.

ಈ ಪದ್ಧತಿಯ ಪರವಾಗಿ ಹೇಳುವ ಮಾತುಗಳು ಗಟ್ಟಿಯಾಗಿಯೇ ಕೇಳಿಸುತ್ತವೆ. ಕೂಲಿ, ಸಮಯ ಎಲ್ಲ ಲೆಕ್ಕ ಹಾಕಿದರೆ ಬೇರಿಂಗಿನ ಬೆಲೆ ಕಡಿಮೆಯೇ. ಹುಡುಕುತ್ತ ಕೂತರೆ ಅರ್ಧ ದಿನ ಹಾಳು. ಜೀವನವಿಡೀ ಕೈ ಕಪ್ಪು ಮಾಡಿಕೊಂಡವನ ಕಿವಿಗಿಂತ ದೊಡ್ಡ ಯಂತ್ರ ಯಾವುದಿದೆ? ಎಲ್ಲಕ್ಕಿಂತ ಮಿಗಿಲಾಗಿ, ಇದು ಚಕ್ರದ ವಿಷಯ, ಜೀವದ ವಿಷಯ. ಅನುಮಾನ ಬಂದ ಮೇಲೆ ಬದಲಿಸಿಬಿಡುವುದೇ ಕ್ಷೇಮ. ಈ ಮೂರನೆಯ ಮಾತಿನ ಬಗ್ಗೆ ನನಗೆ ಗೌರವವಿದೆ. ಅದಕ್ಕೆ ಬರುವ ಮೊದಲು ಉಳಿದೆರಡನ್ನು ನೋಡಬೇಕು.

ಬಲ್ಬನ್ನೋ ಫ್ಯೂಸನ್ನೋ ಬದಲಿಸಿ ನೋಡಬಹುದು. ಊಹೆ ತಪ್ಪಾದರೆ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಮುಗಿಯಿತು. ಚಕ್ರದ ಬೇರಿಂಗ್ ಹಾಗಲ್ಲ. ನಮ್ಮ ಎಷ್ಟೋ ಸಣ್ಣ ಕಾರುಗಳ ಮುಂಚಕ್ರದಲ್ಲಿ ಇರುವುದು ಎರಡು ಸಾಲು ಗುಂಡುಗಳ, ಎರಡೂ ಬದಿ ಸೀಲ್ ಆಗಿರುವ ಬೇರಿಂಗ್. ಅದರ ಹೊರ ರೇಸ್, ಅಂದರೆ ಹೊರಗಿನ ಉಂಗುರ, ಚಕ್ರವನ್ನು ಹೊರುವ ನಕಲ್ ಎಂಬ ಭಾಗದ ರಂಧ್ರದೊಳಗೆ ಬಿಗಿದು ಕೂತಿರುತ್ತದೆ. ಒಳ ರೇಸಿನೊಳಗೆ ಹಬ್ ಅಷ್ಟೇ ಬಿಗಿಯಾಗಿ ಕೂತಿರುತ್ತದೆ. ಹಬ್ ಅನ್ನು ಹೊರಗೆ ತಳ್ಳುವಾಗ ಪ್ರೆಸ್ಸಿನ ಬಲವೆಲ್ಲ ಒಳ ರೇಸಿನಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರ ರೇಸಿಗೆ ಹಾಯುತ್ತದೆ. ಗುಂಡುಗಳು ಓಡಾಡುವ ಹಾದಿಯಲ್ಲಿ ಗುಳಿ ಬೀಳಲು ಅಷ್ಟು ಸಾಕು. ಒಳ ರೇಸಿನ ಅರ್ಧ ಭಾಗ ಹಬ್‌ಗೇ ಅಂಟಿಕೊಂಡು ಬರುವುದೂ ಉಂಟು. ಆಗ ಅದನ್ನು ಪುಲ್ಲರ್ ಹಾಕಿ ಕೀಳಬೇಕು, ಇಲ್ಲವೇ ಗ್ರೈಂಡರಿನಲ್ಲಿ ಕೊಯ್ಯಬೇಕು. ಹೀಗೆ ಹೊರಬಂದ ಬೇರಿಂಗ್ ಅದಕ್ಕೆ ಮೊದಲು ಎಷ್ಟೇ ಚೆನ್ನಾಗಿದ್ದಿರಲಿ, ಈಗ ಗುಜರಿ. ಹಿಂದಿರುಗಿ ಬರಲಾಗದ ಕೆಲಸಕ್ಕೆ ಪರೀಕ್ಷೆ ಎಂಬ ಹೆಸರು ಸಲ್ಲದು. ಬೋಲ್ಟ್ ಬಿಚ್ಚಿದರೆ ಇಡಿಯಾಗಿ ಕೈಗೆ ಬರುವ ಹಬ್ ಇರುವ ಹೊಸ ಕಾರುಗಳಲ್ಲಿ ಈ ಹಾನಿ ಕಡಿಮೆ, ಆದರೆ ಅಲ್ಲಿ ಬಿಡಿಭಾಗದ ಬೆಲೆ ಹೆಚ್ಚು.

ಬಿಚ್ಚುವುದರಲ್ಲೇ ಇಷ್ಟು ತೊಂದರೆ. ಕೂರಿಸುವುದರಲ್ಲಿ ಇನ್ನೂ ಇದೆ. ನಕಲ್‌ನೊಳಗೆ ಬೇರಿಂಗ್ ತಳ್ಳುವಾಗ ಹೊರ ರೇಸಿನ ಮೇಲೆ ಮಾತ್ರ ಒತ್ತಬೇಕು. ಬೇರಿಂಗಿನೊಳಗೆ ಹಬ್ ತಳ್ಳುವಾಗ ಒಳ ರೇಸಿಗೆ ಕೆಳಗಿನಿಂದ ಆಸರೆ ಕೊಟ್ಟಿರಬೇಕು. ತಲೆಕೆಳಗಾದರೆ ಒತ್ತಡ ಗುಂಡುಗಳ ಮೇಲೆ ಬೀಳುತ್ತದೆ. ಪ್ರೆಸ್ ಇರುವ ಕಡೆ ಇದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ, ಇಲ್ಲದವರು ನಕಲ್ ಬಿಚ್ಚಿ ಲೇತ್ ಅಂಗಡಿಗೆ ಕಳಿಸುತ್ತಾರೆ. ಅವಸರದವರು ಸುತ್ತಿಗೆ ಹಿಡಿಯುತ್ತಾರೆ. ಉಕ್ಕಿನ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯನ್ನು ಅಳೆದು ಗಡಸುತನ ಹೇಳುವ ವಿಧಾನವನ್ನು ಸ್ವೀಡನ್ನಿನ ಯೋಹಾನ್ ಬ್ರಿನೆಲ್ 1900ರಲ್ಲಿ ತೋರಿಸಿಕೊಟ್ಟ. ಬೇರಿಂಗಿನ ಹಾದಿಯಲ್ಲಿ ಹೀಗೆ ಬೀಳುವ ಗುಳಿಗಳಿಗೆ ಇಂದಿಗೂ ಬ್ರಿನೆಲಿಂಗ್ ಎಂದೇ ಹೆಸರು. ಸುತ್ತಿಗೆಯ ನಾಲ್ಕು ಏಟು ಬಿದ್ದ ಹೊಸ ಬೇರಿಂಗ್ ಪೆಟ್ಟಿಗೆಯಿಂದ ಬರುವಾಗಿನ ಬೇರಿಂಗ್ ಆಗಿ ಉಳಿದಿರುವುದಿಲ್ಲ. ಮೊದಲ ದಿನ ಸದ್ದಿಲ್ಲದೆ ಓಡಿ, ಕೆಲವೇ ತಿಂಗಳಲ್ಲಿ ಅದೂ ಗುಂಯ್ ಎನ್ನತೊಡಗುತ್ತದೆ. ಆಗ ಪಾರ್ಟ್ಸ್ ಅಂಗಡಿಯವನಿಗೆ ಡೂಪ್ಲಿಕೇಟ್ ಕೊಟ್ಟೆ ಎಂಬ ಬೈಗುಳ ಸಿಗುತ್ತದೆ.

ಇನ್ನೂ ಎರಡು ಸೂಕ್ಷ್ಮಗಳಿವೆ. ಎಬಿಎಸ್ ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನೊಳಗೇ ಅಯಸ್ಕಾಂತದ ಉಂಗುರವಿರುತ್ತದೆ. ಅದನ್ನು ತಿರುಗಾಮುರುಗಾ ಕೂರಿಸಿದರೆ ಸೆನ್ಸರಿಗೆ ಚಕ್ರ ತಿರುಗುವುದೇ ಕಾಣುವುದಿಲ್ಲ. ಎರಡನೆಯದು ಆಕ್ಸಲ್ ನಟ್. ಎರಡು ಭಾಗಗಳ ಒಳ ರೇಸನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಆ ನಟ್ಟೇ. ಕಂಪನಿ ಹೇಳಿದ ಟಾರ್ಕಿಗೆ ಅದನ್ನು ಬಿಗಿಯುವ ಮೊದಲು ಕಾರನ್ನು ನೆಲಕ್ಕಿಳಿಸಿ ತಳ್ಳಿದರೂ ಬೇರಿಂಗಿಗೆ ಪೆಟ್ಟು ಬೀಳುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಏರ್ ಗನ್ನಿನಲ್ಲಿ ಬಿಗಿದು ಸಾಕು ಎನ್ನುವ ಕಡೆ ಬೇರಿಂಗ್ ಬದಲಿಸಿ ಪರೀಕ್ಷೆ ಮಾಡುತ್ತೇವೆ ಎಂದರೆ, ಒಂದು ದೋಷ ಹುಡುಕಲು ಹೋಗಿ ಇನ್ನೊಂದನ್ನು ಕೂರಿಸಿದಂತೆ. ಮೇಲಾಗಿ, ನಕಲ್ ತೆಗೆಯಲು ಸ್ಟ್ರಟ್ಟಿನ ಬೋಲ್ಟ್ ಬಿಚ್ಚಿರುತ್ತಾರೆ. ಮತ್ತೆ ಅಲೈನ್ಮೆಂಟ್ ನೋಡಿಸದಿದ್ದರೆ ಟೈರು ತಿನ್ನತೊಡಗುತ್ತದೆ. ಟೈರು ವಕ್ರವಾಗಿ ತಿಂದರೆ ಮತ್ತೆ ಗುಂಯ್ ಸದ್ದು.

ಊಹೆಯ ಮೇಲೆ ಬದಲಿಸುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಹಾಸನದಲ್ಲಿರುವ ನನ್ನ ಭಾವನ ಕಾರೇ ಸಾಕ್ಷಿ. ಮುಂದಿನ ಎರಡೂ ಬೇರಿಂಗ್ ಹಾಕಿದರು, ಆಮೇಲೆ ಹಿಂದಿನ ಒಂದು ಬದಿಯ ಹಬ್ ಹಾಕಿದರು. ಸದ್ದು ಹಾಗೇ ಇತ್ತು. ಗ್ಯಾರೇಜಿನವರು ಕೊನೆಗೆ ಗೇರ್‌ಬಾಕ್ಸ್ ಇಳಿಸಬೇಕು ಎಂದಾಗ ಭಾವ ಬೇರೊಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದರು. ಆ ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. "ಸ್ವಾಮಿ, ಟೈರ್ ರೊಟೇಷನ್ ಯಾವಾಗ ಮಾಡಿಸಿದ್ರಿ? ಸದ್ದು ಅದಕ್ಕೆ ಮೊದಲು ಇತ್ತೋ, ಆಮೇಲೆ ಬಂತೋ?" ಎಂದು ಕೇಳಿದರು. ಭಾವ ಒಂದು ಗಳಿಗೆ ಯೋಚಿಸಿ, ಆಮೇಲೆಯೇ ಬಂದದ್ದು ಎಂದರು. ಮೇಸ್ತ್ರಿ ಬಗ್ಗಿ ಮುಂದಿನ ಟೈರುಗಳ ಮೇಲೆ ಅಂಗೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿದರು. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ಚುಚ್ಚುವ ಅಂಚು. ಹಿಂದಿದ್ದಾಗ ಹಲ್ಲು ಹಲ್ಲಾಗಿ ಸವೆದಿದ್ದ ಟೈರುಗಳು ರೊಟೇಷನ್ನಿನಲ್ಲಿ ಮುಂದಕ್ಕೆ ಬಂದು, ಡ್ರೈವರ್ ಕಾಲಬುಡದಲ್ಲೇ ಮೊರೆಯುತ್ತಿದ್ದವು. ಹಿಂದಿನ ಶಾಕ್ ಅಬ್ಸಾರ್ಬರುಗಳು ಸೋತಿದ್ದರಿಂದ ಟೈರು ಹಾಗೆ ಸವೆದಿತ್ತು. ಕಾರಣ ಅಲ್ಲಿತ್ತು, ಹಣ ಸುರಿದದ್ದು ಇನ್ನೆಲ್ಲೋ. ಆ ಮೇಸ್ತ್ರಿ ಕೇಳಿದ ಆ ಒಂದು ಪ್ರಶ್ನೆಗೆ ಒಂದು ಪೈಸೆಯೂ ಖರ್ಚಿಲ್ಲ. ಅದನ್ನು ಮೊದಲ ದಿನವೇ ಯಾರೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಇನ್ನು ಕಿವಿಯ ಮಾತು. ಅನುಭವಿ ಕಿವಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾರಿನೊಳಗೆ ಕೂತ ಕಿವಿಗೆ ಎಷ್ಟು ತಿಳಿಯಬಲ್ಲದು, ಎಷ್ಟು ತಿಳಿಯಲಾರದು ಎಂಬುದಕ್ಕೆ ಲೆಕ್ಕವಿದೆ. 165/80 ಆರ್14 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹತ್ತಿರ ಹತ್ತಿರ 9 ಸುತ್ತು. ಬೇರಿಂಗಿನ ಒಂದು ಸಾಲಿನಲ್ಲಿ 14 ಗುಂಡುಗಳಿವೆ ಎಂದಿಟ್ಟುಕೊಳ್ಳಿ. ಹೊರ ರೇಸಿನಲ್ಲಿ ಒಂದು ಕಡೆ ಉಕ್ಕಿನ ಚಕ್ಕೆ ಎದ್ದಿದ್ದರೆ, ಒಂದು ಸುತ್ತಿನಲ್ಲಿ ಗುಂಡುಗಳ ಸಂಖ್ಯೆಯ ಸುಮಾರು 0.4 ಪಟ್ಟು ಏಟು ಅದರ ಮೇಲೆ ಬೀಳುತ್ತದೆ. ಒಳ ರೇಸಿನಲ್ಲಾದರೆ ಸುಮಾರು 0.6 ಪಟ್ಟು. ಅಂದರೆ ಸೆಕೆಂಡಿಗೆ ಸುಮಾರು 50 ಏಟು, ಇಲ್ಲವೇ 75. ಈಗ ಟೈರಿಗೆ ಬನ್ನಿ. ಸುತ್ತಲೂ ಗೇಣಿಗೊಂದು ಗುಳಿ ಸವೆದಿರುವ ಟೈರು ಒಂದು ಸುತ್ತಿಗೆ ಎಂಟೊಂಬತ್ತು ಏಟು ಕೊಡುತ್ತದೆ. ಸೆಕೆಂಡಿಗೆ 70ರಿಂದ 80. ಎರಡೂ ಒಂದೇ ಎತ್ತರದ ಸ್ವರ. ಎರಡೂ ವೇಗ ಏರಿದಂತೆ ಏರುತ್ತವೆ, ಇಳಿದಂತೆ ಇಳಿಯುತ್ತವೆ. ಸ್ವರವೊಂದನ್ನೇ ಕೇಳಿ ಇದು ಬೇರಿಂಗ್, ಇದು ಟೈರ್ ಎಂದು ಆಣೆ ಮಾಡುವವರು ತಮಗೆ ತಿಳಿಯದುದನ್ನು ತಿಳಿದಿದೆ ಎನ್ನುತ್ತಿದ್ದಾರೆ.

ಎಡವೋ ಬಲವೋ ಎಂಬುದು ಇನ್ನೂ ಕಷ್ಟ. ಸದ್ದು ನಕಲ್‌ನಿಂದ ಸ್ಟ್ರಟ್ಟಿಗೆ, ಸಬ್‌ಫ್ರೇಮಿಗೆ, ಬಾಡಿಯ ತಗಡಿಗೆ ಹರಡಿ, ಎಲ್ಲಿಂದಲೋ ಹೊರಡುತ್ತದೆ. ಹಿಂದಿನ ಬಲ ಚಕ್ರದ ಸದ್ದು ಮುಂದಿನ ಎಡದಿಂದ ಬಂದಂತೆ ಕೇಳಿಸುವುದು ಅಪರೂಪವೇನಲ್ಲ. ಇದಕ್ಕೆ ಪರಿಹಾರವಾಗಿ ಎಲ್ಲರ ಬಾಯಲ್ಲೂ ಒಂದು ಸೂತ್ರವಿದೆ: ಬಲಕ್ಕೆ ತಿರುಗಿಸಿದಾಗ ಸದ್ದು ಜಾಸ್ತಿಯಾದರೆ ಎಡಗಡೆಯ ಬೇರಿಂಗ್, ಎಡಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಬಲಗಡೆಯದು. ಸೂತ್ರದ ಹಿಂದಿನ ತರ್ಕ ಸರಿ. ಕಾರು ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಗಳ ಮೇಲೆ ವಾಲುತ್ತದೆ, ಭಾರ ಬಿದ್ದ ಬೇರಿಂಗ್ ಹೆಚ್ಚು ಕೂಗುತ್ತದೆ. ಆದರೆ ಬೇರಿಂಗಿನಲ್ಲಿ ಇರುವುದು ಎರಡು ಸಾಲು. ತಿರುವಿನಲ್ಲಿ ಅಡ್ಡಬಲ ಬಿದ್ದಾಗ ಭಾರ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಯುತ್ತದೆ. ಸವೆದಿರುವುದು ಭಾರ ಕಳಚಿಕೊಂಡ ಸಾಲಾಗಿದ್ದರೆ, ಸೂತ್ರದ ಪ್ರಕಾರ ಏರಬೇಕಾದ ಸದ್ದು ಇಳಿಯುತ್ತದೆ. ತಿರುವಿನಲ್ಲಿ ಭಾರ ಬಿದ್ದ ಟೈರೂ ಹೆಚ್ಚು ಮೊರೆಯುತ್ತದೆ ಎಂಬುದನ್ನೂ ಈ ಸೂತ್ರ ಮರೆತಿದೆ. ಹಾಗಾಗಿ ಇದು ಒಂದು ಸುಳಿವು ಅಷ್ಟೆ. ಇದರ ಮೇಲೆ ಪ್ರೆಸ್ಸಿಗೆ ಹೋಗುವುದು ಅನ್ಯಾಯ.

ಇದರ ಪಕ್ಕದಲ್ಲೇ ಇನ್ನೊಂದು ತಪ್ಪು ನಂಬಿಕೆ ಇದೆ, ಮತ್ತು ಅದು ಉಲ್ಟಾ ದಿಕ್ಕಿನಲ್ಲಿ ಕೆಡಿಸುತ್ತದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, "ಪ್ಲೇ ಇಲ್ಲ ಸಾರ್, ಬೇರಿಂಗ್ ಚೆನ್ನಾಗಿದೆ" ಎನ್ನುವುದು. ಲಾರಿ, ಟೆಂಪೋ, ಹಳೆಯ ಜೀಪುಗಳ ಟೇಪರ್ ಬೇರಿಂಗಿನ ಕಾಲದಿಂದ ಬಂದ ಅಭ್ಯಾಸ ಇದು. ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಆ ಬೇರಿಂಗಿನಲ್ಲಿ ಸವೆದಂತೆ ಸಡಿಲ ಬರುತ್ತದೆ, ನಟ್ ಬಿಗಿದು ಸಡಿಲ ತೆಗೆಯುತ್ತಾರೆ. ಅಲ್ಲಿ ಅಲ್ಲಾಡಿಸುವುದೇ ಸರಿಯಾದ ಪರೀಕ್ಷೆ. ಇಂದಿನ ಎರಡು ಸಾಲಿನ ಸೀಲ್ಡ್ ಬೇರಿಂಗ್ ಮೊದಲೇ ಒತ್ತಡದಲ್ಲಿ ಕೂತಿರುವುದರಿಂದ, ಹಾದಿಯಲ್ಲಿ ಚಕ್ಕೆ ಎದ್ದು ಊಳಿಡತೊಡಗಿದ ಎಷ್ಟೋ ದಿನಗಳ ಮೇಲೆ ಪ್ಲೇ ಕಾಣಿಸುತ್ತದೆ. ಪ್ಲೇ ಇದ್ದರೆ ಅದು ದೋಷಕ್ಕೆ ಸಾಕ್ಷಿ, ಇಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಪ್ಲೇ ಇದ್ದರೂ ಅದು ಬಾಲ್ ಜಾಯಿಂಟಿನದೋ ಬೇರಿಂಗಿನದೋ ತಿಳಿಯಬೇಕು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಅಲ್ಲಾಟ ನಿಂತರೆ ಬೇರಿಂಗಿನದು, ಹಾಗೇ ಇದ್ದರೆ ಬೇರೆಯದು.

ಹಾಗಾದರೆ ಸಾಕ್ಷಿ ಹೇಗೆ ಸಿಗುತ್ತದೆ? ಇದಕ್ಕೆ ದೊಡ್ಡ ಶೋರೂಮ್ ಬೇಕಿಲ್ಲ. ಆ ಮೇಸ್ತ್ರಿ ಮಾಡಿದಂತೆ ಮೊದಲು ಕೇಳಬೇಕು. ಸದ್ದು ಯಾವಾಗ ಬಂತು? ಟೈರು ಬದಲಿಸಿದ ಮೇಲೆಯೋ? ದೊಡ್ಡ ಗುಂಡಿಗೆ ಬಿದ್ದ ಮೇಲೆಯೋ? ನೀರಿನಲ್ಲಿ ನಿಂತಿತ್ತೋ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತ ನೆರೆ ನುಗ್ಗಿದಾಗ ಸಾಲುಸಾಲು ಕಾರುಗಳು ಚಕ್ರ ಮುಳುಗುವ ನೀರಿನಲ್ಲಿ ನಿಂತವು. ಹಾಗೆ ನಿಂತ ಕಾರಿನಲ್ಲಿ ಸೀಲ್ ದಾಟಿ ಒಳಹೊಕ್ಕ ನೀರು ಗ್ರೀಸನ್ನು ಕೆಡಿಸುತ್ತದೆ, ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಸದ್ದು ವಾರಗಳ ಮೇಲೆ ಬರುತ್ತದೆ. ಇಂಥ ಚರಿತ್ರೆ ಇದ್ದರೆ ಬೇರಿಂಗಿನ ಮೇಲಿನ ಅನುಮಾನ ಬಲವಾಗುವುದು ನ್ಯಾಯ. ಓಡದೆ ಅಲುಗಾಟಕ್ಕೆ ಸಿಕ್ಕ ಕಾರಿನದು ಮತ್ತೊಂದು ಬಗೆ: 1930ರ ದಶಕದ ಅಮೆರಿಕದಲ್ಲಿ ಡೆಟ್ರಾಯಿಟ್‌ನಿಂದ ರೈಲಿನಲ್ಲಿ ದೂರ ಸಾಗಿಸಿದ ಹೊಚ್ಚಹೊಸ ಕಾರುಗಳು ಕೆಟ್ಟ ಬೇರಿಂಗುಗಳೊಂದಿಗೆ ಇಳಿದವು. ಚಕ್ರ ತಿರುಗದೆ, ನಿಂತಲ್ಲೇ ಕುಲುಕಿ ಕುಲುಕಿ, ಗುಂಡುಗಳು ಹಾದಿಯನ್ನು ಉಜ್ಜಿಬಿಟ್ಟಿದ್ದವು.

ಆಮೇಲೆ ಅಂಗೈಯಿಂದ ನಾಲ್ಕೂ ಟೈರು ಸವರಬೇಕು. ಆಮೇಲೆ ಟ್ರಯಲ್. ಇದಕ್ಕೆ ರಸ್ತೆಯನ್ನು ಆರಿಸಿಕೊಳ್ಳುವುದರಲ್ಲೇ ಅರ್ಧ ಕೆಲಸವಿದೆ. ಡಾಂಬರಿನಿಂದ ಕಾಂಕ್ರೀಟಿಗೆ ದಾಟುವ ಜಾಗ ಬೇಕು. ಬೆಂಗಳೂರಿನಲ್ಲಿ ವೈಟ್ ಟಾಪಿಂಗ್ ಆದ ರಸ್ತೆಗಳು ಎಲ್ಲೆಡೆ ಸಿಗುತ್ತವೆ. ಹಾಸನ, ಸಕಲೇಶಪುರ, ಮಂಗಳೂರಿನವರಿಗೆ ಶಿರಾಡಿ ಘಾಟಿಯ ಕಾಂಕ್ರೀಟ್ ಭಾಗವಿದೆ. ಒಂದೇ ವೇಗದಲ್ಲಿ ಆ ಗೆರೆ ದಾಟುವಾಗ ಕಿವಿಗೊಡಿ. ಟೈರಿನ ಸದ್ದಿನ ಬಣ್ಣವೇ ಥಟ್ಟನೆ ಬದಲಾಗುತ್ತದೆ. ಬೇರಿಂಗಿಗೆ ರಸ್ತೆಯ ಮೈ ಹೇಗಿದ್ದರೇನು, ಅದು ಬದಲಾಗದೆ ಮೊರೆಯುತ್ತಲೇ ಇರುತ್ತದೆ. ಅದೇ ವೇಗ ಇಟ್ಟುಕೊಂಡು ಗೇರ್ ಬದಲಿಸಿ: ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಸಿಡಿಯುತ್ತದೆ, ಗೇರ್ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ, ಚಕ್ರದ ಸದ್ದು ಅಲುಗುವುದಿಲ್ಲ. ಖಾಲಿ, ಸಮತಟ್ಟು ರಸ್ತೆಯಲ್ಲಿ ಒಂದು ಗಳಿಗೆ ನ್ಯೂಟ್ರಲ್ ಮಾಡಿದಾಗ ಸದ್ದು ಹಾಗೇ ಉಳಿದರೆ ಎಂಜಿನ್ನಿನ ಮೇಲಿನ ಅನುಮಾನ ಹೋಯಿತು. ಆಕ್ಸಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಎಂದರೆ ಗೇರ್‌ಬಾಕ್ಸಿನ ಫೈನಲ್ ಡ್ರೈವ್ ಕಡೆ ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಸಿವಿ ಜಾಯಿಂಟ್. ಕರ್ ಎಂಬ ಕೀರಲು ಬಂದರೆ ಡಿಸ್ಕಿನ ಹಿಂದಿನ ತಗಡಿನಲ್ಲಿ ಜಲ್ಲಿಕಲ್ಲು ಸಿಕ್ಕಿದೆಯೋ ನೋಡಿ. ಬೇರಿಂಗ್ ಎಂದು ಬಂದ ಎಷ್ಟೋ ದೂರುಗಳು ಸ್ಕ್ರೂಡ್ರೈವರ್ ತುದಿಯಲ್ಲಿ ಒಂದು ಕಲ್ಲು ತೆಗೆದು ಮುಗಿಯುತ್ತವೆ.

ಇಷ್ಟಾದ ಮೇಲೂ ಟೈರೋ ಬೇರಿಂಗೋ ಎಂಬುದು ಉಳಿದರೆ, ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸದ್ದು ಜಾಗ ಬದಲಿಸಿದರೆ, ಇಲ್ಲವೇ ಅದರ ಸ್ವರ ಬದಲಾದರೆ ಟೈರು. ಬದಲಿಸಿ ನೋಡುವ ಹಟವಿದ್ದವರಿಗೆ ಇದೊಂದು ಒಳ್ಳೆಯ ದಾರಿ: ಇಲ್ಲಿ ಏನೂ ಮುರಿಯುವುದಿಲ್ಲ, ಏನನ್ನೂ ಕೊಳ್ಳಬೇಕಿಲ್ಲ, ಎಲ್ಲವನ್ನೂ ಮೊದಲಿನಂತೆ ಮಾಡಬಹುದು.

ಕೊನೆಗೆ ಜಾಕ್ ಮತ್ತು ಸ್ಟ್ಯಾಂಡ್. ಚಕ್ರ ಎತ್ತಿ, ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲೆ ಹಗುರವಾಗಿ ಇಡಬೇಕು. ಚಕ್ಕೆ ಎದ್ದ ಬೇರಿಂಗಿನ ಗೊರಗೊರ ಸ್ಪ್ರಿಂಗಿನ ಮೂಲಕ ಬೆರಳಿಗೆ ಬರುತ್ತದೆ. ಕಿವಿಗೆ ಕೇಳದ್ದು ಬೆರಳಿಗೆ ತಿಳಿಯುವ ಈ ಪರೀಕ್ಷೆಯಷ್ಟು ಸರಳವಾದದ್ದು, ಇಷ್ಟು ಕಡಿಮೆ ಜನ ಮಾಡುವುದು ಇನ್ನೊಂದಿಲ್ಲ. ನಾಲ್ಕೂ ಚಕ್ರಕ್ಕೆ ಮಾಡಬೇಕು, ಎಡದ್ದನ್ನು ಬಲದ್ದರ ಜೊತೆ ಹೋಲಿಸಬೇಕು. ಸ್ಟೆತಸ್ಕೋಪ್ ಇದ್ದರೆ ನಕಲ್‌ನ ಮೇಲೆ ಇಟ್ಟು ಕೇಳಬಹುದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವ ಹಳೆಯ ಪದ್ಧತಿಯೂ ಸಾಕು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿರುವವರೆಗೆ. ಒಂದೇ ಚಕ್ರ ಎತ್ತಿ ಎಂಜಿನ್ನಿನಿಂದ ತಿರುಗಿಸುವುದು ಮಾತ್ರ ಬೇಡ. ಡಿಫರೆನ್ಷಿಯಲ್ಲಿನ ದೆಸೆಯಿಂದ ಆ ಚಕ್ರ ಮೀಟರು ತೋರಿಸುವುದಕ್ಕಿಂತ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ, ಜಾಕ್ ಜಾರಿದರೆ ಕಾರು ನುಗ್ಗುತ್ತದೆ.

ಈಗ ಸುರಕ್ಷತೆಯ ಮಾತಿಗೆ ಬರೋಣ. ಬೇರಿಂಗ್ ನಿಜವಾಗಿ ಸವೆದಿದ್ದರೆ ಅದನ್ನು ಮುಂದೂಡುವುದನ್ನು ನಾನು ಒಂದು ಕ್ಷಣವೂ ಸಮರ್ಥಿಸುವುದಿಲ್ಲ. ಗುಂಯ್ ಎಂಬುದು ಗೊರಗೊರ ಆಗಿ, ಚಕ್ರದಲ್ಲಿ ಪ್ಲೇ ಬಂದು, ಎಬಿಎಸ್ ದೀಪ ಬಂದು ಹೋಗತೊಡಗಿದರೆ ಕಾರು ಅಲ್ಲೇ ನಿಲ್ಲಬೇಕು. ಆದರೆ ಕ್ಷೇಮದ ಹೆಸರಿನಲ್ಲಿ ಊಹೆಯ ಮೇಲೆ ಬದಲಿಸುವವರು ನಿಜಕ್ಕೂ ಏನು ಮಾಡುತ್ತಿದ್ದಾರೆ? ಸವೆದಿರುವುದು ಹಿಂದಿನ ಬಲದ್ದು, ಬದಲಿಸಿದ್ದು ಮುಂದಿನ ಎಡದ್ದು ಎಂದಾದರೆ, ಅಪಾಯಕಾರಿ ಬೇರಿಂಗ್ ಕಾರಿನಲ್ಲೇ ಉಳಿಯಿತು, ಜೊತೆಗೆ ಈಗ ಬೇರಿಂಗ್ ಕೆಲಸ ಆಗಿದೆ ಎಂಬ ಧೈರ್ಯವೂ ಸೇರಿತು. ಇದಕ್ಕಿಂತ ಕೆಟ್ಟದ್ದು ಟೈರಿನದು. ಒಳಗಿನ ಉಕ್ಕಿನ ಬೆಲ್ಟ್ ಬಿಡತೊಡಗಿದ ಟೈರೂ ಹೀಗೇ ಗುಂಯ್ ಎನ್ನಬಲ್ಲದು, ಧಡಧಡ ಎನ್ನಬಲ್ಲದು. ಅದನ್ನು ಬೇರಿಂಗ್ ಎಂದು ತಿಳಿದು, ಬೇರಿಂಗ್ ಹಾಕಿ, ಅದೇ ಟೈರಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಕಳಿಸಿದರೆ ಆ ಕುಟುಂಬವನ್ನು ಕಾಪಾಡಿದ್ದು ಯಾವುದು? ವೀಲ್ ನಟ್ ಸಡಿಲವಾಗಿದ್ದರೂ ಸದ್ದು ಬರುತ್ತದೆ. ಎಲ್ಲಕ್ಕಿಂತ ಮೊದಲು ಅದನ್ನು ನೋಡದೆ ಟ್ರಯಲ್‌ಗೇ ಹೋಗಬಾರದು. ಸುರಕ್ಷತೆಯ ಬಗ್ಗೆ ಕಾಳಜಿ ಇದ್ದವರು ಪರೀಕ್ಷೆಯನ್ನು ಬಿಡುವ ಹಾಗೆಯೇ ಇಲ್ಲ.

ಜೋಡಿಯಾಗಿ ಹಾಕಿಸಿ, ಒಂದು ಹೋದರೆ ಇನ್ನೊಂದೂ ಹೋಗುತ್ತದೆ ಎಂಬ ಮಾತೂ ಇದೇ ಬಳಗದ್ದು. ಶಾಕ್ ಅಬ್ಸಾರ್ಬರಿಗೆ, ಬ್ರೇಕ್ ಪ್ಯಾಡಿಗೆ ಅದು ಸರಿ. ಬೇರಿಂಗಿನ ಆಯಸ್ಸಿನ ಲೆಕ್ಕವನ್ನು ಗಟ್ಟಿ ಬುನಾದಿಯ ಮೇಲೆ ನಿಲ್ಲಿಸಿದವರು ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬೆರಿ ಮತ್ತು ಆರ್ವಿಡ್ ಪಾಲ್ಮ್‌ಗ್ರೆನ್, 1947ರಲ್ಲಿ. ಅವರ ಲೆಕ್ಕದಲ್ಲಿ ಬೇರಿಂಗಿನ ಆಯಸ್ಸೆಂದರೆ ಒಂದು ಸಂಭವ: ನೂರರಲ್ಲಿ 90 ಬೇರಿಂಗುಗಳು ದಾಟುವ ಸುತ್ತುಗಳ ಸಂಖ್ಯೆ. ಉಳಿದ 10 ಅದಕ್ಕೆ ಮೊದಲೇ ಹೋಗಬಹುದು, ದಾಟಿದವುಗಳಲ್ಲಿ ಹಲವು ಅದರ ಹಲವು ಪಟ್ಟು ಬಾಳಬಹುದು. ಗುಂಡಿನ ಬೇರಿಂಗಿಗೆ ಹೊರೆ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದೂ ಅದೇ ಲೆಕ್ಕ. ನಮ್ಮಲ್ಲಿ ಕಿತ್ತುಹೋಗಿರುವುದು ಹೆಚ್ಚಾಗಿ ರಸ್ತೆಯ ಎಡ ಅಂಚು. ಗುಂಡಿಗೆ ಬಿದ್ದದ್ದು ಎಡ ಚಕ್ರ ಎಂದಾದರೆ ಬಲಗಡೆಯ ಬೇರಿಂಗ್ ಅದರ ಜೊತೆಗೇ ಸಾಯಬೇಕೆಂಬ ನಿಯಮವಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಕಿತ್ತು, ಸರಿಯಾಗಿ ಕೂರುತ್ತದೋ ಇಲ್ಲವೋ ಎಂಬ ಹೊಸ ಅನುಮಾನವನ್ನು ಯಾಕೆ ಕೊಳ್ಳಬೇಕು?

ಇಷ್ಟೆಲ್ಲ ಗೊತ್ತಿದ್ದೂ ಮೆಕ್ಯಾನಿಕ್‌ಗಳು ಯಾಕೆ ಹೀಗೆ ಮಾಡುತ್ತಾರೆ? ಇಲ್ಲಿ ನಾನು ಗ್ರಾಹಕರ ಕಡೆ ತಿರುಗಬೇಕು. ಬಿಲ್ಲಿನಲ್ಲಿ ಬೇರಿಂಗ್ ಇದ್ದರೆ, ಪ್ರೆಸ್ಸಿಂಗ್ ಇದ್ದರೆ, ಬಿಚ್ಚಿ ಕಟ್ಟಿದ ಲೇಬರ್ ಇದ್ದರೆ ನಾವು ಕೊಡುತ್ತೇವೆ. ಎರಡು ಗಂಟೆ ಟ್ರಯಲ್ ಮಾಡಿ, ಟೈರು ಸವರಿ, ಸ್ಪ್ರಿಂಗ್ ಮೇಲೆ ಕೈಯಿಟ್ಟು, "ಬೇರಿಂಗ್ ಚೆನ್ನಾಗಿದೆ, ಟೈರ್ ಹಿಂದೆ ಹಾಕಿದೀನಿ" ಎಂದು ಒಬ್ಬರು ಹೇಳಿದರೆ, "ಏನೂ ಮಾಡಿಲ್ಲವಲ್ಲ, ಬರೀ ನೋಡಿದ್ದಕ್ಕೆ ದುಡ್ಡಾ?" ಎನ್ನುತ್ತೇವೆ. ಸರಿಯಾಗಿ ಹುಡುಕಿದವನಿಗೆ ಐವತ್ತು ರೂಪಾಯಿ ಟೀ ಕಾಸು, ತಪ್ಪು ಬೇರಿಂಗ್ ಹಾಕಿದವನಿಗೆ ಸಾವಿರಗಟ್ಟಲೆ. ಈ ಲೆಕ್ಕದಲ್ಲಿ ಯಾವ ಮೆಕ್ಯಾನಿಕ್ ತಾನೇ ಹುಡುಕಲು ಕೂತಾನು? ರಕ್ತಪರೀಕ್ಷೆಗೆ ಲ್ಯಾಬಿನಲ್ಲಿ ದುಡ್ಡು ಕೊಟ್ಟ ಮೇಲೆ ನಮಗೆ ಕಾಯಿಲೆ ಇಲ್ಲ ಎಂದು ಬಂದರೆ ಹಣ ವಾಪಸು ಕೇಳುತ್ತೇವೆಯೇ? ಪರೀಕ್ಷೆಗೆ ಬೇರೆಯೇ ದರ ಇರಬೇಕು, ಬಿಲ್ಲಿನಲ್ಲಿ ಬೇರೆಯೇ ಸಾಲಾಗಿ ಬರಬೇಕು, ಫಲ ಏನೇ ಬಂದರೂ ಅದನ್ನು ಕೊಡಬೇಕು. ಗ್ಯಾರೇಜಿನವರು ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು: ಹುಡುಕಲು ಇಷ್ಟು, ಸಿಕ್ಕ ಮೇಲೆ ಕೆಲಸಕ್ಕೆ ಇಷ್ಟು. ಹೇಳದೆ ಒಳಗೊಳಗೇ ನೊಂದು, ಆ ನಷ್ಟವನ್ನು ಬಿಡಿಭಾಗದಲ್ಲಿ ತುಂಬಿಕೊಳ್ಳುವುದರಿಂದಲೇ ಇಬ್ಬರ ನಡುವಿನ ನಂಬಿಕೆ ಹಾಳಾಗಿರುವುದು. ಎಂಜಿನ್ ಸದ್ದೇ ಇಲ್ಲದ ವಿದ್ಯುತ್ ಕಾರುಗಳು ಹೆಚ್ಚಿದಂತೆ ಟೈರು, ಬೇರಿಂಗಿನ ಸಣ್ಣ ಮೊರೆತವೂ ಒಳಗೆ ಕೇಳಿಸುತ್ತದೆ. ಇಂಥ ದೂರುಗಳು ಹೆಚ್ಚಲಿವೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನೊಂದು ಬೇಡಿಕೆ ಇದೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬಿಚ್ಚಿದ ಬೇರಿಂಗನ್ನು ಗುಜರಿಗೆ ಎಸೆಯುವ ಮೊದಲು ಗ್ರೈಂಡರಿನಲ್ಲಿ ಕೊಯ್ದು, ಗ್ರೀಸ್ ಒರೆಸಿ, ಹಾದಿಯನ್ನು ನೋಡಬೇಕು. ಅಲ್ಲಿ ಎಲ್ಲವೂ ಬರೆದಿರುತ್ತದೆ. ಚಕ್ಕೆ ಎದ್ದಿದ್ದರೆ ಬೇರಿಂಗ್ ತನ್ನ ಆಯಸ್ಸು ಮುಗಿಸಿದೆ, ಇಲ್ಲವೇ ಹೊರೆ ಮೀರಿದೆ. ಗುಂಡುಗಳ ಅಂತರಕ್ಕೆ ಸರಿಯಾಗಿ ಸಾಲು ಗುಳಿ ಬಿದ್ದಿದ್ದರೆ ಪೆಟ್ಟು. ಅದು ರಸ್ತೆಯ ಪೆಟ್ಟೋ, ಹಿಂದೆ ಕೂರಿಸಿದವರ ಸುತ್ತಿಗೆಯ ಪೆಟ್ಟೋ, ಈಗ ಕಿತ್ತಾಗಿನ ಪೆಟ್ಟೋ ಎಂದು ಯೋಚಿಸಬೇಕು. ಹೊಸ ಗುಳಿ ಹೊಳೆಯುತ್ತದೆ. ಹಳೆಯ ಗುಳಿಯ ಮೇಲೆ ಗುಂಡುಗಳು ಓಡಿ ಅಂಚು ಮಾಸಿರುತ್ತದೆ. ತುಕ್ಕಿದ್ದರೆ ನೀರು. ಹಾದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಆ ಬೇರಿಂಗ್ ತಪ್ಪೇ ಮಾಡಿರಲಿಲ್ಲ. ತಾನು ಹೇಳಿದ್ದು ಸರಿಯೋ ತಪ್ಪೋ ಎಂಬುದು ಮೆಕ್ಯಾನಿಕ್‌ಗೆ ಖಚಿತವಾಗಿ ತಿಳಿಯುವ ಒಂದೇ ಜಾಗ ಅದು. ಸದ್ದು ನಿಂತಿತು ಎಂಬುದು ಅಂಥ ಪುರಾವೆಯಲ್ಲ, ಏಕೆಂದರೆ ಬಿಚ್ಚಿ ಕಟ್ಟುವಾಗ ಟೈರು ಅದಲುಬದಲಾಗಿರಬಹುದು, ತಗಡಿಗೆ ಸಿಕ್ಕ ಕಲ್ಲು ಉದುರಿರಬಹುದು. ಕೊಯ್ದು ನೋಡದ ಗ್ಯಾರೇಜಿನಲ್ಲಿ ಮೂವತ್ತು ವರ್ಷದ ಅನುಭವವೂ ಒಂದೇ ಊಹೆಯನ್ನು ಮೂವತ್ತು ವರ್ಷ ಹೇಳುತ್ತ ಬಂದದ್ದಾಗಿರಬಹುದು.

ಐಟಿಐಗಳಲ್ಲಿ ಎರಡು ವರ್ಷ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕಲಿತು ಬರುವ ಹುಡುಗ ಹುಡುಗಿಯರ ಮುಂದೆ ಇಂಥ ಕೊಯ್ದ ಬೇರಿಂಗುಗಳನ್ನು ಸಾಲಾಗಿ ಇಡಬೇಕು, ಒಂದೊಂದರ ಜೊತೆಗೂ ಆ ಕಾರು ಎಂಥ ಸದ್ದು ಮಾಡುತ್ತಿತ್ತು, ಯಾವ ರಸ್ತೆಯಲ್ಲಿ, ಯಾವ ತಿರುವಿನಲ್ಲಿ ಎಂಬ ಚೀಟಿ ಇರಬೇಕು. ಗ್ರಾಹಕರು ಬಿಲ್ ಕೊಡುವ ಮೊದಲು ಹಳೆಯ ಬೇರಿಂಗ್ ಕೇಳಬೇಕು, ಕೊಯ್ದು ತೋರಿಸಿ ಎನ್ನಬೇಕು. ಕೊಟ್ಟರೆ ಆ ಗ್ಯಾರೇಜಿಗೆ ಮತ್ತೆ ಹೋಗಿ, ಹುಡುಕಿದ್ದಕ್ಕೂ ಸೇರಿಸಿ ಹಣ ಕೊಡಿ.